ಓಂಕಾರಿ ಮಾವನ ಹಣೆ ಮತ್ತು ನೀರುಗಂಟಿಯ ಚಮಚ

ನಮ್ಮೂರಿನಲ್ಲಿ ಚಮಚ ಮನುಷ್ಯರಿಗೆ ಅಂಟುತ್ತದೆ. ಬೇರೆ ಊರುಗಳಲ್ಲೂ ಚಮಚಾಗಳು ಅಂಟುತ್ತಾರಂತೆ, ಆದರೆ ಅಲ್ಲಿ ದೊಡ್ಡವರಿಗೆ ಮಾತ್ರ. ನಮ್ಮಲ್ಲಿ ಆ ಭೇದವಿಲ್ಲ. ಬೆಳಿಗ್ಗೆ ಎದ್ದವರು ಹಲ್ಲುಜ್ಜುವ ಮೊದಲು ಹಣೆಗೆ ಒಂದು ಚಮಚ ಇಟ್ಟು ಕೈಬಿಟ್ಟು ನೋಡುತ್ತಾರೆ. ನಿಂತರೆ ಆರೋಗ್ಯ, ಜಾರಿದರೆ ಅವತ್ತು ಒಂದು ಸೌಟು ಪಾಚಿಸಾರು ಹೆಚ್ಚಿಗೆ. ಟೈಲರನಿಗೆ ಸೂಜಿಡಬ್ಬಿ ಬೇಕಿಲ್ಲ, ಎದೆಯೇ ಡಬ್ಬಿ. ಬೀಗದ ಕೀಲಿ ಕಳೆದರೆ ಯಾರೂ ಮನೆಯೆಲ್ಲ ಹುಡುಕುವುದಿಲ್ಲ, ಕತ್ತಿನ ಹಿಂದೆ ತಡವಿಕೊಳ್ಳುತ್ತಾರೆ. ಹೋಟೆಲಿನಿಂದ ಹೊರಡುವವರ ಬೆನ್ನು, ಮೊಣಕೈ ಸವರಿ ಕಳಿಸುವುದು ನಮ್ಮಲ್ಲಿ ಅನುಮಾನವಲ್ಲ, ಉಪಚಾರ.

ಇದಕ್ಕೆಲ್ಲ ಮೂಲ ನಮ್ಮ ಕೆರೆ. ಅದರ ನೀರು ದಂಡೆಯಿಂದ ದಂಡೆಗೆ ಪುದೀನ ಚಟ್ನಿಯ ಹಸಿರು. ಮೆಟ್ಟಿಲ ಮೇಲೆ ಕಾಲು ಜಾರಿಸುತ್ತದಲ್ಲ, ಆ ಪಾಚಿಯಲ್ಲ ಇದು. ಇದು ಸೂಕ್ಷ್ಮಪಾಚಿ, ಒಂದು ಕಣವನ್ನು ಹಿಡಿದು ತೋರಿಸು ಎಂದರೆ ಯಾರಿಂದಲೂ ಆಗದು, ಕೋಟಿಗಟ್ಟಲೆ ಸೇರಿದರಷ್ಟೇ ಹಸಿರು. ಬಿಸಿಲೇರುತ್ತಿದ್ದಂತೆ ನೀರಿನ ಮೇಲೆ ಕೆನೆಗಟ್ಟುತ್ತದೆ. ಅದನ್ನು ಪಂಚೆಯಲ್ಲಿ ಸೋಸಿ, ಹಿಂಡಿ, ಶಾವಿಗೆ ಒರಳಲ್ಲಿ ಒತ್ತಿ, ಕೆರೆ ಏರಿಯ ಮೇಲೆ ಒಣಗಿಸಿ ಪುಡಿ ಮಾಡುತ್ತಾರೆ. ಸಾರಿಗೆ, ರೊಟ್ಟಿಗೆ, ಕೂಸಿನ ಗಂಜಿಗೆ ಒಂದೊಂದು ಚಿಟಿಕೆ. ರುಚಿ ಹೇಗೆಂದು ನನ್ನನ್ನು ಕೇಳಬೇಡಿ. ಮಳೆಯಲ್ಲಿ ನೆನೆದ ಹುಲ್ಲಿನ ಬಣವೆಯನ್ನು ನೆಕ್ಕಿದವರು ಯಾರಾದರೂ ಪರಿಚಯವಿದ್ದರೆ ಅವರನ್ನು ಕೇಳಿ. ಬೇರೆ ಕಡೆ ‘ಪಾಚಿ ಮಾಡು ಕಂದ’ ಎಂದರೆ ಮಗು ಮಲಗುತ್ತದೆ. ನಮ್ಮೂರಲ್ಲಿ ಬಾಯಿ ಬಿಗಿಹಿಡಿದು ಓಡಿಹೋಗುತ್ತದೆ.

ನನ್ನ ಹೆಸರು ಮರುಳಸಿದ್ಧ. ಊರವರು ಸಿದ್ಧನನ್ನು ಬಿಟ್ಟು ಮರುಳನನ್ನು ಮಾತ್ರ ಉಳಿಸಿಕೊಂಡಿದ್ದಾರೆ. ಪಕ್ಕದ ಪೇಟೆಯಲ್ಲಿ ಬಿ.ಎಸ್ಸಿ. ಮಾಡಿ ಬಂದಿದ್ದೇನೆ. ಅಲ್ಲಿ ಕಲಿತದ್ದು ಎರಡೇ: ನಮ್ಮ ಲೆಕ್ಚರರ ದನಿಯಲ್ಲಿ ಮಾತಾಡುವುದು, ಮತ್ತು ಅವರು ಆ ದನಿಯಲ್ಲಿ ಹೇಳುತ್ತಿದ್ದ ಖನಿಜಗಳ ಪಾಠ. ಕಬ್ಬಿಣ, ಸತು, ತಾಮ್ರ, ಮ್ಯಾಂಗನೀಸ್, ಸೆಲೆನಿಯಂ. ದೇಹಕ್ಕೆ ಬೇಕಾದದ್ದು ಇಷ್ಟೇ ಇಷ್ಟು, ಆದರೆ ಆ ಇಷ್ಟು ಇಲ್ಲದಿದ್ದರೆ ಅಷ್ಟೇ! ಪಾಚಿ ತಾನಾಗಿ ಇವನ್ನು ಹುಟ್ಟಿಸುವುದಿಲ್ಲ, ನೀರಿನಲ್ಲಿ ಕರಗಿದ್ದನ್ನು ಹೀರಿ ಕೂಡಿಡುತ್ತದೆ. ನಮ್ಮ ಕೆರೆಯ ನೀರು ಕೆಮ್ಮಣ್ಣಿನ ಗುಡ್ಡ ಇಳಿದು ಬರುತ್ತದೆ, ಹಾಗಾಗಿ ಕಬ್ಬಿಣಕ್ಕೆ ಬರವಿಲ್ಲ. ಖನಿಜದೊಳಗೆ ನಿಜವಿದೆ ಎಂದು ನಾನು ಪರೀಕ್ಷೆಯಲ್ಲಿ ಬರೆದಿದ್ದೆ. ಅದಕ್ಕೆ ಸೊನ್ನೆ ಕೊಟ್ಟರು.

ಊರಿನಲ್ಲಿ ಎಲ್ಲರ ಹಣೆಗೂ ಚಮಚ ಅಂಟುತ್ತಿತ್ತು, ಓಂಕಾರಿ ಮಾವನ ಹಣೆಯೊಂದನ್ನು ಬಿಟ್ಟು. ಮಾವ ಎಂದರೆ ನಮ್ಮವ್ವನ ತಮ್ಮ, ನಾಲ್ಕು ರಸ್ತೆ ಕೂಡುವಲ್ಲಿ ಟೀ ಅಂಗಡಿ ಇಟ್ಟವನು. ಅಗಲವಾದ ಹಣೆ, ವಿಮಾನ ಇಳಿಸಬಹುದು. ಚಮಚ ಮಾತ್ರ ನಿಲ್ಲದು. ಇಟ್ಟ ಕೂಡಲೇ ಮೂಗಿನ ಮೇಲಿಂದ ಜಾರುಬಂಡಿ ಆಡಿ ‘ಟಣ್’ ಎಂದು ಬೀಳುತ್ತಿತ್ತು. ಪಾಚಿ ತಿನ್ನುತ್ತಿರಲಿಲ್ಲವೇ? ಊರಿನಲ್ಲಿ ಯಾರೂ ತಿನ್ನದಷ್ಟು ತಿನ್ನುತ್ತಿದ್ದ. ಅವನ ಬೆವರಿಗೇ ಹಸಿರು ಕಳೆ ಬಂದಿತ್ತು.

ಇದು ಬರೀ ಆರೋಗ್ಯದ ವಿಷಯವಾಗಿದ್ದರೆ ಸುಮ್ಮನಿರಬಹುದಿತ್ತು. ಆದರೆ ನಮ್ಮಲ್ಲಿ ನಿಶ್ಚಿತಾರ್ಥಕ್ಕೆ ಚಮಚದ ಶಾಸ್ತ್ರ ಅಂತ ಒಂದಿದೆ. ಹೆಣ್ಣಿನ ತಂದೆ ಗಂಡಿನ ಹಣೆಗೆ ಚಮಚ ಇಡುತ್ತಾನೆ. ಅಯ್ಯನವರು ಮಂತ್ರ ಮುಗಿಸುವವರೆಗೆ ಅದು ಬೀಳಬಾರದು. ಮುಗಿದ ಮೇಲೆ ಹುಡುಗಿ ಅದೇ ಚಮಚವನ್ನು ಕಿತ್ತು ಗಂಡಿಗೆ ಪಾಚಿಸಾರು ಕುಡಿಸಿದರೆ ಮದುವೆ ಗಟ್ಟಿ. ಮಾವನಿಗೆ ಹಿಂದೆ ಬಂದ ಸಂಬಂಧಗಳೆಲ್ಲ ‘ಟಣ್’ ಎಂಬ ಒಂದೇ ಮಾತಿನಲ್ಲಿ ಮುಗಿದಿದ್ದವು. ಅವನೂ ಆಸೆ ಬಿಟ್ಟು ಅಂಗಡಿಗೇ ತಾಳಿ ಕಟ್ಟಿದವನಂತೆ ಇದ್ದ.

ಅಷ್ಟರಲ್ಲಿ ಸರ್ವಮಂಗಳ ಬಂದಳು. ಕೆರೆ ಕಾಯುವ, ಊರಿಗೆಲ್ಲ ಪಾಚಿ ಸೋಸಿಕೊಡುವ ನೀರುಗಂಟಿ ಹಾಲಪ್ಪನ ಒಬ್ಬಳೇ ಮಗಳು. ಮಾವನಿಗಿಂತ ನಾಲ್ಕೈದು ವರ್ಷ ಚಿಕ್ಕವಳು. ಏರಿಯ ಮೇಲೆ ಪಾಚಿ ಒಣಗಿಸಿ ಒಣಗಿಸಿ ಮೊಣಕೈವರೆಗೆ ಕೈ ಹಸಿರು, ನಾಲಿಗೆ ಮಾತ್ರ ಕೆಂಡ. ನೋಡಲು ಬಂದ ಗಂಡುಗಳನ್ನೆಲ್ಲ ಅವಳೇ ಓಡಿಸಿದ್ದಳು. ‘ಹಣೆ ಗಟ್ಟಿ ಐತೆ ಅಂತೀರಲ್ಲ, ಹಣೆ ಹಿಂದಿರೋದೂ ಗಟ್ಟೀನೇ ಐತೆ’ ಅನ್ನುತ್ತಿದ್ದಳು. ಅಂಗಡಿಗೆ ಪಾಚಿಪುಡಿ ಹಾಕಲು ಬಂದವಳು ನಿಂತೇ ಒಂದು ಟೀ ಕುಡಿಯುತ್ತಿದ್ದಳು. ಬರಬರುತ್ತ ಪುಡಿ ತರದ ದಿನವೂ ಬಂದಳು.

“ಟೀ ಅಂಗಡಿಯೋರೇ, ಇವತ್ತು ಶುಂಠಿ ಯಾಕೆ ಹೆಚ್ಚಿಗೆ?”

“ನಿಮ್ಮ ದನಿ ನಿನ್ನೆ ಕಟ್ಟಿತ್ತಲ್ಲಮ್ಮ, ಅದಕ್ಕೆ.”

“ನನ್ನ ದನಿ ಕಟ್ಟಿದ್ದು ಊರಿಗೇ ಖುಷಿ, ನಿಮಗೇನ್ರೀ ಕಷ್ಟ?”

ಮಾವ ಕಿವಿ ಕೆಂಪಗೆ ಮಾಡಿಕೊಂಡ. ಇಷ್ಟು ಸಾಕಿತ್ತು ನಮ್ಮವ್ವನಿಗೆ. ಮರುದಿನವೇ ಎಲೆಅಡಿಕೆ ಹಿಡಿದು ಹಾಲಪ್ಪನ ಮನೆಗೆ ಹೋದಳು, ಜೊತೆಗೆ ನಾನು.

ಹಾಲಪ್ಪನಿಗೆ ಹುಡುಗನ ಮೇಲೆ ದೂರಿರಲಿಲ್ಲ. ದಿನವೂ ಅವನ ಅಂಗಡಿಯ ಬೆಂಚಿನ ಮೇಲೆ ಕೂತು ಕುಡಿಯುವ ಗಿರಾಕಿ ತಾನೇ. “ಹುಡುಗ ಬಂಗಾರ ಕಣಮ್ಮ,” ಅಂದ, ಗಂಟಲಲ್ಲಿ ಜಲ್ಲಿ ಕಲ್ಲು ಉರುಳಿಸುವ ದನಿಯಲ್ಲಿ. (ಆ ದನಿ ತೆಗೆಯಲು ನನಗೆ ಒಂದು ವಾರ ಹಿಡಿಯಿತು.) “ಆದ್ರೆ ಬಂಗಾರಕ್ಕೆ ಚಮಚ ಅಂಟಲ್ವಲ್ಲ! ನೀನೇ ಯೋಚ್ನೆ ಮಾಡು. ಊರಿಗೆಲ್ಲ ಪಾಚಿ ಕೊಡೋನು ನಾನು. ನನ್ನ ಅಳಿಯನ ಹಣೆಯಿಂದ್ಲೇ ಚಮಚ ಬಿದ್ರೆ ಜನ ಏನಂತಾರೆ? ಹಾಲಪ್ಪನ ಪಾಚೀಲಿ ಸತ್ವ ಇಲ್ಲ ಅಂತಾರೆ. ಪಂಚೆ ಹಿಂಡಿ ಹಿಂಡಿ ಸವೆದಿರೋ ಕೈ ಇದು. ಚಮಚ ನಿಂತ್ರೆ ಮದುವೆ. ಬಿದ್ರೆ ಮಾತಿಲ್ಲ, ಅವರವರ ಮನೆಗೆ ಅವರವರು.” ಮುಂದಿನ ತಿಂಗಳ ಹುಣ್ಣಿಮೆಗೆ ನಿಶ್ಚಯವಾಯಿತು.

ಆ ಸಂಜೆ ಅಂಗಡಿಯಲ್ಲಿ ಕೂತು ಮಾವನನ್ನೇ ನೋಡುತ್ತಿದ್ದೆ. ಅವನು ಒಂದು ಪಾತ್ರೆ ಟೀ ಕುದಿಸಿದ, ಅರ್ಧ ಗ್ಲಾಸು ತಾನು ಹೀರಿದ, ತಲೆಯಾಡಿಸಿದ, ಆಮೇಲೆ ಗಿರಾಕಿಗಳಿಗೆ ಕೊಟ್ಟ. ಇನ್ನೊಂದು ಪಾತ್ರೆ ಕುದಿಸಿದ, ಮತ್ತೆ ಅರ್ಧ ಗ್ಲಾಸು. ನಡುವೆ ಪಾಚಿರೊಟ್ಟಿ ತಿಂದ, ಅದರ ಮೇಲೆ ಅರ್ಧ ಗ್ಲಾಸು.

“ಮಾವ, ದಿನಕ್ಕೆ ಎಷ್ಟು ಟೀ ಕುಡೀತೀಯ?”

“ನಾನೆಲ್ಲೋ ಕುಡೀತೀನಿ? ರುಚಿ ನೋಡ್ತೀನಿ ಅಷ್ಟೆ.”

ನನಗೆ ಲೆಕ್ಚರರು ನೆನಪಾದರು. ಅವರದೇ ಮೂಗುದನಿಯಲ್ಲಿ ಹೇಳಿದೆ: “ವಿದ್ಯಾರ್ಥಿಗಳೇ, ಟೀಯಲ್ಲಿರುವ ಒಗರು ಊಟದ ಕಬ್ಬಿಣವನ್ನು ಹೊಟ್ಟೆಯಲ್ಲೇ ಕಟ್ಟಿಹಾಕುತ್ತದೆ. ರಕ್ತಕ್ಕೆ ಸೇರಗೊಡುವುದಿಲ್ಲ. ಪಾಚಿ ಮುಂಬಾಗಿಲಲ್ಲಿ ತಂದದ್ದನ್ನು ಟೀ ಹಿತ್ತಲ ಬಾಗಿಲಲ್ಲಿ ಸಾಗಹಾಕುತ್ತದೆ.”

ಮಾವ ಸೋಸುಬಟ್ಟೆ ಹಿಡಿದು ಹಾಗೇ ನಿಂತ. ಒಡಹುಟ್ಟಿದವನೇ ಮೋಸ ಮಾಡಿದ ಎಂದು ಕೇಳಿದವನ ಮುಖ. “ಟೀನಾ? ನನ್ನ ಟೀನಾ?” ಅಂದ. ಆಮೇಲೆ ಗ್ಲಾಸನ್ನು ಮೆಲ್ಲಗೆ ನನ್ನ ಕಡೆ ತಳ್ಳಿದ. “ಇವತ್ತಿಂದ ರುಚಿ ನೀನು ನೋಡು. ನಾನು ಬಿಟ್ಟೆ.”

ಹೀಗೆ ಶುರುವಾಯಿತು ಊರಿನ ಕಷ್ಟಕಾಲ. ಮಾವ ಪಾಚಿಸಾರಿಗೆ ನಿಂಬೆಹುಳಿ ಹಿಂಡಿಕೊಂಡು ಕುಡಿಯುವನು. ಕಬ್ಬಿಣ ಬೇಗ ಸೇರಲು ಹುಳಿ ಒಳ್ಳೆಯದೆಂದು ಅದನ್ನೂ ನಾನೇ ಹೇಳಿದ್ದೆ. ಟೀ ಮಾತ್ರ ಅವನು ಕುರುಡನ ಹಾಗೆ ಮಾಡುವನು, ನಾನು ಕಿವುಡನ ಹಾಗೆ ರುಚಿ ನೋಡುವೆ. ಒಂದು ದಿನ ಸಕ್ಕರೆ ಎರಡು ಸಲ ಬಿತ್ತು, ಮರುದಿನ ಬೀಳಲೇ ಇಲ್ಲ. ಟೀ ಕೆಟ್ಟಾಗ ಹುಟ್ಟುವುದೇ ಟೀಕೆ. “ಓಂಕಾರಪ್ಪ, ಇದನ್ನ ಕುಡಿಯೋದಾ, ಹಲ್ಲು ಮುಕ್ಕಳಿಸೋದಾ?” ಅಂತ ಒಬ್ಬ. “ಮದುವೆ ಮುಂಚೇನೇ ಸಂಸಾರ ಬೇಜಾರಾಯ್ತೇನಪ್ಪ?” ಅಂತ ಇನ್ನೊಬ್ಬ. ಹಾಲಪ್ಪನೇ ಒಂದು ಗುಟುಕು ಕುಡಿದು, ಗ್ಲಾಸನ್ನು ಬೆಳಕಿಗೆ ಹಿಡಿದು ನೋಡಿ, “ಇದಕ್ಕಿಂತ ನಮ್ಮ ಕೆರೆ ನೀರೇ ವಾಸಿ, ಕಣ್ಣಿಗಾದ್ರೂ ಹಸಿರಾಗೈತೆ” ಎಂದು ಎದ್ದುಹೋದ.

ಪಾಪ, ಮಾವ ಟೀಗಾಗಿ ಒಣಗುತ್ತಿದ್ದ. ಗಿರಾಕಿಗಳಿಲ್ಲದಾಗ ಬೆಂಚಿನ ಮೇಲೆ ಕಣ್ಣು ಮುಚ್ಚಿ ಕೂತು, “ಮರುಳ, ಒಂಚೂರು ಕುದಿಸೋ” ಅನ್ನುವನು. ನಾನು ಬಾಯಲ್ಲೇ ಕುದಿಸುವೆ: ಮೊದಲು ಸಣ್ಣ ಗುಳುಗುಳು, ಆಮೇಲೆ ಉಕ್ಕುವ ಬುಸ್ಸು, ಕೊನೆಗೆ ಎತ್ತರದಿಂದ ಗ್ಲಾಸಿಗೆ ಸುರಿಯುವ ಸೊರ್ರ್. ಅವನು ಜೊಲ್ಲು ನುಂಗಿಕೊಂಡು, “ಸಕ್ಕರೆ ಸ್ವಲ್ಪ ಕಡಿಮೆ ಆಯ್ತು” ಅನ್ನುವನು.

ಆದರೆ ಫಲ ಕಂಡಿತು. ಚಮಚ ಮಾವನ ಹಣೆಯ ಮೇಲೆ ಮೊದಲು ಒಂದು ಉಸಿರಿನಷ್ಟು ನಿಂತಿತು. ಹತ್ತು ಹನ್ನೆರಡು ದಿನ ಕಳೆಯುವಷ್ಟರಲ್ಲಿ ಅವ್ವ ಒಂದು ಈರುಳ್ಳಿ ಹೆಚ್ಚಿ ಮುಗಿಸುವವರೆಗೆ ನಿಂತಿತು. ಅದೇ ಹೊತ್ತಿಗೆ ನನ್ನ ಹಣೆಯ ಚಮಚ ‘ಟಣ್’ ಎಂದು ಬಿತ್ತು. “ಅಯ್ಯೋ ಮರುಳ, ನಿಂಗೇನೋ ಬಂತು?” ಎಂದು ಅವ್ವ ಗಾಬರಿಯಾದಳು. ನನಗೆ ಗಾಬರಿಯ ಬದಲು ಖುಷಿ. ಬಿ.ಎಸ್ಸಿ.ಯಲ್ಲಿ ನಾನು ಮಾಡಿದ ಯಾವ ಪ್ರಯೋಗವೂ ಇಷ್ಟು ಚೆನ್ನಾಗಿ ಬಂದಿರಲಿಲ್ಲ.

ನಿಶ್ಚಿತಾರ್ಥಕ್ಕೆ ಇನ್ನು ಕೆಲವೇ ದಿನ ಇತ್ತು. ಅಷ್ಟರಲ್ಲಿ, ಇಷ್ಟು ದಿನ ಶಾವಿಗೆ ಒತ್ತುವ ಕೆಲಸದಲ್ಲಿ ಅಂಗಡಿ ಕಡೆ ಬರದಿದ್ದ ಸರ್ವಮಂಗಳ ಬಂದಳು. ಮಾವ ಟೀ ಕೊಟ್ಟ. ಅವಳು ಒಂದು ಗುಟುಕು ಕುಡಿದು ನಿಂತಳು.

“ಏನ್ರೀ ಇದು?”

“ಟೀ.”

“ಇದು ಟೀನಾ? ನಮ್ಮಪ್ಪ ಪಂಚೆ ಹಿಂಡಿದ ನೀರು ಇದಕ್ಕಿಂತ ಘಾಟಾಗಿರುತ್ತೆ.”

“ರುಚಿ ನೋಡೋದು ಬಿಟ್ಟಿದೀನಿ. ನಿಮಗೋಸ್ಕರ. ಹಣೆಗೋಸ್ಕರ,” ಎಂದು ಮಾವ ತೊದಲಿದ. ಟೀಗೂ ಹಣೆಗೂ ಏನು ಸಂಬಂಧವೆಂದು ನಾನು ಅವಸರದಲ್ಲಿ ವಿವರಿಸಿದೆ. ಅವಳು ಪೂರ್ತಿ ಕೇಳಿಸಿಕೊಂಡಳು.

“ಅಂದ್ರೆ ನನಗೋಸ್ಕರ ಟೀ ಕೆಡಿಸಿದ್ರಿ. ಚೆನ್ನಾಗೈತೆ. ಮದುವೆ ಆದ್ಮೇಲೆ ದಿನಾ ನಿಮ್ಮ ಹಣೆ ನೋಡ್ಕಂಡು ಕೂರ್ಲಾ ನಾನು?” ಗ್ಲಾಸನ್ನು ಕಟ್ಟೆಯ ಮೇಲಿಟ್ಟು ಹೊರಟುಹೋದಳು. ಗ್ಲಾಸು ತುಂಬಿದ್ದ ಹಾಗೇ ಇತ್ತು.

ಮಾವ ಆ ಗ್ಲಾಸನ್ನು ಬಹಳ ಹೊತ್ತು ನೋಡಿದ. ಅವನು ಎದ್ದು ಒಲೆ ಉರಿ ಏರಿಸಿದ, ಹೊಸ ಟೀಸೊಪ್ಪು ಹಾಕಿದ, ಶುಂಠಿ ಜಜ್ಜಿದ, ಕುದಿಸಿದ, ಕುಡಿದ. ತಲೆಯಾಡಿಸಿದ. ಇನ್ನಷ್ಟು ಹಾಲು ಹಾಕಿ ಮತ್ತೆ ಕುಡಿದ. ಸರಿಯಾಯಿತು ಅನ್ನಿಸಿದಾಗ ಒಂದು ಚೆಂಬಿನಲ್ಲಿ ಹಾಕಿ ಏರಿಯ ಮೇಲಕ್ಕೆ ತಾನೇ ಹೊತ್ತುಕೊಂಡು ಹೋದ. ಅಂದಿನಿಂದ ಟೀ ಮೊದಲಿನಂತಾಯಿತು, ಊರು ಮೊದಲಿನಂತಾಯಿತು, ಚಮಚವೂ ಮೊದಲಿನಂತಾಯಿತು. ಟಣ್.

“ಈಗೇನೋ ಮಾಡೋದು?” ಎಂದು ಅವ್ವ ನನ್ನನ್ನು ಕೇಳಿದಳು. ಆ ಹೊತ್ತಿಗೆ ಅವಳು ಹಲಸಿನಹಣ್ಣು ಬಿಡಿಸುತ್ತಿದ್ದಳು. ಕತ್ತಿಗೆ ಬಿಳೀ ಮೇಣ ಅಂಟಿತ್ತು. ನಾನು ಮೇಣವನ್ನು ನೋಡಿದೆ, ಅವ್ವ ನನ್ನನ್ನು ನೋಡಿದಳು, ಇಬ್ಬರೂ ಮಾವನ ಹಣೆ ನೋಡಿದೆವು. “ಬೇಡ ಕಣಕ್ಕ,” ಅಂದ ಮಾವ. “ಸುಮ್ನಿರೋ,” ಅಂದಳು ಅವ್ವ, “ಮೂರೆಳೆ ವಿಭೂತೀಲಿ ನಡುವಿನ ಎಳೆ ಮೇಣದ್ದಿದ್ರೆ ಶಿವ ಏನೂ ಬೇಜಾರು ಮಾಡ್ಕಳಲ್ಲ.”

ಹಾಲಪ್ಪನ ಅಂಗಳದಲ್ಲಿ ಚಪ್ಪರ ಹಾಕಿದ್ದರು. ಎದುರಿಗೇ ಕೆರೆ. ಅರ್ಧ ಊರು ಬಂದಿತ್ತು; ಮಾವನ ಹಣೆ ಎಂದರೆ ಜನಕ್ಕೆ ಅಷ್ಟು ಕುತೂಹಲ. ಹಾಲಪ್ಪ ಮನೆತನದ ಚಮಚ ತೆಗೆದ. ಹೆಸರಿಗೆ ಚಮಚ, ನೋಡಿದರೆ ಸೌಟಿನ ತಮ್ಮ, ಕಮ್ಮಾರ ಬಡಿದ ಅಪ್ಪಟ ಕಬ್ಬಿಣ. ಮಾವನ ಹಣೆಗೆ ಒತ್ತಿ ಕೈಬಿಟ್ಟ. ಎಲ್ಲರೂ ‘ಟಣ್’ಗೆ ಕಿವಿ ಕೊಟ್ಟರು. ಅಯ್ಯನವರು ಮಂತ್ರ ಶುರುಮಾಡಿದರು, ನಡೆಸಿದರು, ಮುಗಿಸಿದರು. ಚಮಚ ಗೋಡೆಗೆ ಹೊಡೆದ ಮೊಳೆಯಂತೆ ನಿಂತಿತ್ತು.

ಹಾಲಪ್ಪನ ಕಣ್ಣಲ್ಲಿ ನೀರು. “ನೋಡ್ರಪ್ಪಾ! ಹಾಲಪ್ಪನ ಪಾಚಿ ಮೇಲೆ ಅನುಮಾನ ಪಟ್ಟೋರೆಲ್ಲ ಮುಂದೆ ಬಂದು ನೋಡ್ರಿ! ಇದೇ ಹಣೆ ಅಲ್ವೇನ್ರೋ ನೀವು ನಗಾಡ್ತಿದ್ದದ್ದು?”

ಸರ್ವಮಂಗಳ ಪಾಚಿಸಾರಿನ ಬಟ್ಟಲು ಹಿಡಿದು ಬಂದು ಚಮಚ ಎಳೆದಳು. ಬರಲಿಲ್ಲ. ಇನ್ನೂ ಜೋರಾಗಿ ಎಳೆದಳು. ಮಾವನ ಹಣೆಯ ಚರ್ಮ ಡೇರೆಯಂತೆ ಎದ್ದು ಬಂತು, ಹುಬ್ಬುಗಳು ಆಕಾಶಕ್ಕೇರಿದವು, ಚಮಚ ಬರಲಿಲ್ಲ. “ಎಂಥ ಕಬ್ಬಿಣಾನವ್ವಾ!” ಎಂದು ಹೆಂಗಸರು ಬಾಯಿ ಮೇಲೆ ಕೈಯಿಟ್ಟುಕೊಂಡರು. “ಇವನನ್ನ ಬಾವಿಗೆ ಇಳಿಬಿಟ್ರೆ ಬಿದ್ದಿರೋ ಬಿಂದಿಗೆಯೆಲ್ಲ ಮೇಲೆ ಬರ್ತವೆ ನೋಡು.”

ಅವಳು ಮುಂದೆ ಬಾಗಿದಳು. ಮೂಗು ಅರಳಿತು.

“ಹಲಸಿನಹಣ್ಣು ತಿಂದಿದೀರಾ?” ಎಂದು ಮೆಲ್ಲಗೆ ಕೇಳಿದಳು.

“ಇಲ್ಲ,” ಅಂದ ಮಾವ ಕಣ್ಣು ಮುಚ್ಚಿಕೊಂಡು. “ಹಚ್ಕೊಂಡಿದೀನಿ.”

ಪಕ್ಕದಲ್ಲೇ ನಿಂತಿದ್ದ ನನಗೆ ಮಾತ್ರ ಅದು ಕೇಳಿಸಿತು. ಅವಳು ನೆಟ್ಟಗಾದಳು. “ಅಪ್ಪಾ, ಒಂದು ಬಟ್ಟಲು ಕೊಬ್ಬರಿ ಎಣ್ಣೆ ಬೇಕು.”

“ಎಣ್ಣೆ ಯಾಕಮ್ಮ?” ಹಾಲಪ್ಪನ ದನಿಯಲ್ಲಿ ಜಲ್ಲಿ ಉರುಳಿತು. “ಎಣ್ಣೆ ಹಚ್ಚಿ ಚಮಚ ತೆಗಿಯೋ ಶಾಸ್ತ್ರ ಎಲ್ಲೈತೆ?”

ಇಲ್ಲಿ ನಾನು ಬುದ್ಧಿವಂತಿಕೆ ಮಾಡಿದೆ. ಊರಿಗೇ ಹಿರಿಯಳಾದ ಬಸಜ್ಜಿ ಕಂಬಕ್ಕೆ ಒರಗಿ ತೂಕಡಿಸುತ್ತಿದ್ದಳು. ನಾನು ಮೆತ್ತಗೆ ಅವಳ ಹಿಂದೆ ಸರಿದು, ಹಲ್ಲಿಲ್ಲದ ಅವಳ ದನಿಯಲ್ಲೇ ಹೇಳಿದೆ: “ಐತೆ ಕಣ್ಲಾ ಹಾಲ. ನಮ್ ಕಾಲ್ದಾಗೆ ಎಣ್ಣೆ ಹಚ್ಚೇ ತೆಗೀತಿದ್ದದ್ದು.”

ಜನ ತಲೆದೂಗಿದರು. ಅಯ್ಯನವರೂ ತಲೆದೂಗಿದರು. ಬಸಜ್ಜಿ ಕಣ್ಣು ಬಿಟ್ಟಳು. “ಯಾವನ್ಲಾ ಅವ್ನು? ನಾನೇನೂ ಅಂದೇ ಇಲ್ವಲ್ಲೋ!”

ಇಡೀ ಚಪ್ಪರ ತಿರುಗಿ ನನ್ನನ್ನು ನೋಡಿತು. ನಾನು ಕೆರೆ ನೋಡಿದೆ.

“ಅವನನ್ನ ಬಿಡ್ರಿ,” ಅಂದ ಮಾವ. ಎದ್ದು ನಿಂತ, ಮಾತಾಡಿದಂತೆಲ್ಲ ಹಣೆಯ ಚಮಚವೂ ಹೂಂಗುಟ್ಟುತ್ತಿತ್ತು. “ಹಾಲಪ್ಪನೋರೆ, ಇದು ಹಲಸಿನ ಮೇಣ. ಕಬ್ಬಿಣ ಅಲ್ಲ.”

ಹಾಲಪ್ಪ ಜಗಲಿಯ ಮೇಲೆ ಕೂತುಬಿಟ್ಟ. “ಅಂದ್ರೆ ನನ್ನ ಪಾಚಿ ನಿಂಗೆ ಹತ್ತಲಿಲ್ಲ.”

“ನಿಮ್ಮ ಪಾಚೀಲಿ ತಪ್ಪಿಲ್ಲ. ಈ ಹುಡುಗನ್ನ ಕೇಳಿ, ಟೀ ಬಿಟ್ಟಾಗ ನಿಂತಿತ್ತು. ಟೀನೇ ಅದನ್ನ ಹತ್ತಗೊಡಲ್ವಂತೆ.”

“ಗೊತ್ತಾದ್ಮೇಲೆ ಬಿಡಬೇಕಿತ್ತು ತಾನೇ? ಒಂದು ಟೀ ಬಿಡಕ್ಕಾಗಲ್ವ, ನನ್ನ ಮಗಳಿಗಿಂತ ಹೆಚ್ಚಾಯ್ತಾ ಅದು?”

ಮಾವ ಸರ್ವಮಂಗಳಳ ಕಡೆ ನೋಡಿದ, ಆಮೇಲೆ ನೆಲ ನೋಡಿದ. “ಬಿಟ್ಟಿದ್ದೆ. ರುಚಿ ನೋಡದೆ ಕೊಟ್ರೆ ಇವರು ಒಂದು ಗುಟುಕಿಗೇ ಗ್ಲಾಸು ಇಟ್ಟು ಹೋದ್ರು. ಅದು ನನ್ನ ಕೈಲಿ ಆಗಲ್ಲ.”

ಹಾಲಪ್ಪ ಬಹಳ ಹೊತ್ತು ಹೆಗಲ ಪಂಚೆಯನ್ನು ಹಿಂಡುತ್ತ ಕೂತಿದ್ದ. ಒಣ ಪಂಚೆ, ಆದರೂ ಹಿಂಡುತ್ತಿದ್ದ. ಕೊನೆಗೆ ಅಂದ: “ಮಾತು ಮಾತೇ. ಹಣೆ ತೊಳ್ಕಂಡು ಬಾ. ಎಲ್ಲರ ಮುಂದೆ ಇನ್ನೊಂದು ಸಲ ಇಡ್ತೀನಿ. ನಿಂತ್ರೆ ನಿಂತಿತು. ಬಿದ್ರೆ...”

ಎಣ್ಣೆ ಬಂತು. ಅವ್ವ ತಿಕ್ಕಿ ತಿಕ್ಕಿ ಚಮಚ ಬಿಡಿಸಿದಳು, ಕಡಲೆಹಿಟ್ಟು ಹಚ್ಚಿ ತೊಳೆದಳು. ಎಡ ಹುಬ್ಬಿನ ಕೂದಲು ಸ್ವಲ್ಪ ಮೇಣದ ಜೊತೆ ಹೋಯಿತು. ಮಾವ ಕೆಂಪಗಾದ ಹಣೆ ಒಡ್ಡಿಕೊಂಡು ಹಲಗೆಯ ಮೇಲೆ ಕೂತ, ಹಲ್ಲು ಕೀಳಿಸಿಕೊಳ್ಳಲು ಕೂತವನಂತೆ. ಹಾಲಪ್ಪ ಚಮಚ ಎತ್ತಿದ.

“ಕೊಡಿಲ್ಲಿ,” ಎಂದು ಸರ್ವಮಂಗಳ ಚಮಚ ಕಿತ್ತುಕೊಂಡಳು. “ನಾನಿಡ್ತೀನಿ.”

ಇಟ್ಟಳು. ಅದರ ಮೇಲೆ ತನ್ನ ಹಸಿರು ಹೆಬ್ಬೆರಳು ಒತ್ತಿದಳು. ಅಯ್ಯನವರು ಅವಳು ಬೆರಳು ತೆಗೆಯಲಿ ಎಂದು ಕಾದರು. ಎಲ್ಲರೂ ಕಾದರು. ಅವಳು ತೆಗೆಯಲಿಲ್ಲ.

“ಬೆರಳು ತೆಗಿಯಮ್ಮ,” ಅಂದ ಹಾಲಪ್ಪ.

“ತೆಗೆದ್ರೆ ಬೀಳುತ್ತಪ್ಪ.”

“ಬಿದ್ರೆ ಬೀಳ್ಲಿ. ಅದೇ ಅಲ್ವಾ ನೋಡೋದು?”

“ಮಂತ್ರ ಮುಗಿಯೋಗಂಟ ಬೀಳಬಾರದು ಅಂತ ತಾನೇ ಶಾಸ್ತ್ರ? ಯಾರೂ ಹಿಡ್ಕಬಾರದು ಅಂತ ಎಲ್ಲೈತೆ?” ಅಂದಳು. “ಹೇಳಿ ಅಯ್ನೋರೆ, ಐತಾ?”

ಅಯ್ಯನವರು ತಲೆ ಕೆರೆದುಕೊಂಡರು. ಹಾಗೊಂದು ಇದೆಯೆಂದು ಅವರ ಗುರುಗಳಾಗಲಿ, ಗುರುಗಳ ಗುರುಗಳಾಗಲಿ ಹೇಳಿರಲಿಲ್ಲ. ಹಿಡಿದುಕೊಳ್ಳಬೇಕೆಂದು ಇದುವರೆಗೆ ಯಾರಿಗೂ ಅನ್ನಿಸಿಯೇ ಇರಲಿಲ್ಲವಾದ್ದರಿಂದ ಯಾರೂ ಬೇಡ ಎಂದಿರಲಿಲ್ಲ. ಈ ಸಲ ಬಸಜ್ಜಿ ನಿಜವಾಗಿಯೂ ಬಾಯಿ ಬಿಟ್ಟಳು: “ಇಲ್ಲ ಕಣಪ್ಪ. ಈಗ ಅಂದೆ ನೋಡ್ರಿ, ನಾನೇ ಅಂದದ್ದು.”

ಹಾಲಪ್ಪ ಚಮಚ ನೋಡಿದ, ಮಗಳ ಹೆಬ್ಬೆರಳು ನೋಡಿದ, ಅದರಡಿಯಲ್ಲಿ ಉಸಿರು ಬಿಗಿಹಿಡಿದು ಕೂತಿದ್ದ, ಅರ್ಧ ಹುಬ್ಬಿನ ಓಂಕಾರಿ ಮಾವನನ್ನು ನೋಡಿದ.

“ಹಂಗಾದ್ರೆ ತೆಗೀಬೇಡ,” ಅಂದ. ಅಯ್ಯನವರ ಕಡೆ ತಿರುಗಿ, “ಓದ್ರಿ ನೀವು, ಬಾಯಿ ಬಿ‌ಟ್ಕಂಡು ಏನು ನೋಡ್ತೀರಿ!” ಎಂದು ಗದರಿದ.

ಅಯ್ಯನವರು ಮೊದಲಿಂದ ಶುರುಮಾಡಿದರು. ಮಂತ್ರ ಉದ್ದವಿತ್ತು. ನಡುವೆ ಒಮ್ಮೆ ಅವಳಿಗೆ ಕೈ ಸೋತು, ಎಡಗೈಯ ಹೆಬ್ಬೆರಳು ಒತ್ತಿ, ಆಮೇಲೆ ಬಲಗೈ ತೆಗೆದಳು. ಚಮಚ ಅಲುಗಲಿಲ್ಲ.